ಗ್ಯಾಸ್ ಹೋಗಿಲ್ಲ, ವೈರ್ ನೋಡಿ: ನಮ್ಮ ಕ್ಯಾರವಾನಿನ ಫ್ರಿಜ್ ಬಗ್ಗೆ

ವಿಜಯಪುರದ ಬೇಸಿಗೆಗೆ ಕ್ಯಾರವಾನಿನ, ಎಂದರೆ ಮಂಚ ಒಲೆ ಇರುವ ಪ್ರವಾಸದ ಗಾಡಿಯ, ಫ್ರಿಜ್ ತಡೆಯುತ್ತದೆಯೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ತಡೆಯುತ್ತದೆ. ನಮ್ಮದು ಹಲವು ಬೇಸಿಗೆ ಕಂಡಿದೆ, ಇಂದಿಗೂ ಮೊಸರು ಹುಳಿಯಾಗಲು ಬಿಟ್ಟಿಲ್ಲ. ತಡೆಯದೇ ಹೋದದ್ದು ಅದನ್ನು ಗಾಡಿಗೆ ಕೂಡಿಸಿಕೊಟ್ಟವರ ಕೆಲಸ. ಆದ್ದರಿಂದ ಅಂಕಗಳನ್ನು ಬೇರೆಬೇರೆಯಾಗಿ ಕೊಡಬೇಕಾಗುತ್ತದೆ. ಐದಕ್ಕೆ ಫ್ರಿಜ್‌ಗೆ ನಾಲ್ಕು, ಫಿಟ್ಟಿಂಗ್‌ಗೆ ಒಂದು. ಆ ಒಂದು ಅಂಕವೂ ಸ್ಕ್ರೂಗಳು ತುಕ್ಕು ಹಿಡಿಯದ ಸ್ಟೀಲಿನವು ಎಂಬ ಕಾರಣಕ್ಕೆ.

ಗಾಡಿ ಮಾಡಿಸಿದ್ದು ಅವ್ವನಿಗಾಗಿ. ಪಂಢರಪುರ, ಕೂಡಲಸಂಗಮ, ಬಾದಾಮಿಯ ಬನಶಂಕರಿ, ಹೀಗೆ ಆಕೆಯ ಪಟ್ಟಿ ಮುಗಿಯುವಂಥದ್ದಲ್ಲ. ಲಾಡ್ಜಿನ ಊಟವೂ ಹಾಸಿಗೆಯೂ ಆಕೆಗೆ ಒಗ್ಗುವುದಿಲ್ಲ. ಜೊತೆಗೆ ಇನ್ಸುಲಿನ್ ಬೇರೆ. ತೆರೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಲಿಗೆ ಬಿಟ್ಟರೆ ಕೆಡುತ್ತವೆ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯುವುದೊಂದೇ ದಾರಿ. ಹೀಗಾಗಿ ಹಳೆಯ ಟೆಂಪೊ ಟ್ರಾವೆಲರ್‌ನಲ್ಲಿ ಎರಡು ಮಂಚ, ಒಂದು ಒಲೆ, ಸಿಂಕ್ ಇವುಗಳ ಜೊತೆಗೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ (ಪೈಪಿನೊಳಗಿನ ಗ್ಯಾಸನ್ನು ಪಂಪಿನಿಂದ ಒತ್ತಿ ತಂಪು ಹುಟ್ಟಿಸುವ, ಬ್ಯಾಟರಿಯ ಮೇಲೆ ನಡೆಯುವಂಥದ್ದು) ಕೂಡಿಸಿಕೊಂಡೆವು. ಬ್ರ್ಯಾಂಡಿನ ಹೆಸರು ಬರೆಯುವುದಿಲ್ಲ. ಈ ಬಗೆಯ ಫ್ರಿಜ್ ಕೊಳ್ಳುವಾಗ ಬಾಗಿಲ ಮೇಲಿನ ಹೆಸರಿಗಿಂತ ಹಿಂಬದಿಯ ಕಂಪ್ರೆಸರ್ ಯಾವುದು ಎಂದು ನೋಡುವುದು ಮೇಲು. ನಮ್ಮದರಲ್ಲಿರುವುದು ಸೆಕಾಪ್ ಕಂಪನಿಯ ಬಿಡಿ35, ಹಿಂದೆ ಡ್ಯಾನ್‌ಫಾಸ್ ಹೆಸರಿನಲ್ಲಿ ಬರುತ್ತಿದ್ದದ್ದು.

ಹೊರದೇಶದ ಕ್ಯಾರವಾನುಗಳಲ್ಲಿ ಎಲ್‌ಪಿಜಿಯಿಂದಲೂ ನಡೆಯುವ ಫ್ರಿಜ್ ಬಹಳ ಬಳಕೆಯಲ್ಲಿದೆ. ಅದಕ್ಕೆ ಕಂಪ್ರೆಸರ್ ಇಲ್ಲ. ಸಣ್ಣದೊಂದು ಜ್ವಾಲೆ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ, ಅದರಿಂದಲೇ ತಂಪು ಹುಟ್ಟುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್, ರೂಪಿಸಿದ ಜಾಣತನದ ಯಂತ್ರವದು. ಸದ್ದೇ ಇಲ್ಲ. ಆದರೆ ಗಾಡಿ ಸಮತಟ್ಟಾಗಿ ನಿಲ್ಲಬೇಕು, ಹೊರಗಿನ ಸೆಕೆಯೂ ಮಿತಿಯಲ್ಲಿರಬೇಕು. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ನಮ್ಮ ಊರಿಗೆ, ಹೊಲದ ಬದುವಿಗೆ ವಾಲಿಸಿ ಗಾಡಿ ನಿಲ್ಲಿಸುವ ನಮ್ಮ ಪದ್ಧತಿಗೆ ಅದು ಹೊಂದುವ ಮಾತೇ ಇರಲಿಲ್ಲ. ಯಾರಾದರೂ ಅಂಥದ್ದನ್ನು ಇಟ್ಟುಕೊಂಡಿದ್ದರೆ ಒಂದೇ ಎಚ್ಚರಿಕೆ: ಒಳಗೆ ಅಮೋನಿಯಾದ ಮೂಗು ಸುಡುವ ವಾಸನೆ ಬಂದರೆ ಫ್ರಿಜ್ ಆರಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ.

ಇನ್ನು ನಮ್ಮ ಫ್ರಿಜ್‌ನ ವಿಷಯ. ಕೊಂಡ ಮೊದಲ ಬೇಸಿಗೆಯಲ್ಲೇ ಅದು ವಿಚಿತ್ರವಾಗಿ ಆಡತೊಡಗಿತು. ಗಾಡಿ ಓಡುವಾಗ ತಣ್ಣಗಿರುತ್ತಿತ್ತು, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಕಂಪ್ರೆಸರ್ ಗುಂಯ್ ಎಂದು ಎದ್ದು ಆರುತ್ತಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಏಳುತ್ತಿತ್ತು, ಮತ್ತೆ ಆರುತ್ತಿತ್ತು. ತೋರಿಸಿದ ಮೊದಲ ಮೆಕ್ಯಾನಿಕ್ ಹಿಂಬದಿಯ ಪೈಪನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಗ್ಯಾಸ್ ಹೋಗಿದೆ ಸಾಹೇಬರೇ, ತುಂಬಿಸಬೇಕು" ಎಂದ. ಎರಡನೆಯವನು ಮುಟ್ಟಿಯೂ ನೋಡದೆ ಅದನ್ನೇ ಹೇಳಿದ. ಫ್ರಿಜ್ ಎಂದರೆ ಗ್ಯಾಸ್, ಗ್ಯಾಸ್ ಎಂದರೆ ಬಿಲ್ಲು. ಈ ಲೆಕ್ಕ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆಯೆಂದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹೊರತೆಗೆಯುವ ಫ್ರಿಜ್ ಮೆಕ್ಯಾನಿಕ್ ಸಿಕ್ಕರೆ ಅವನ ನಂಬರ್ ಬರೆದಿಟ್ಟುಕೊಳ್ಳಬೇಕು.

ನನಗೆ ಸಿಕ್ಕವನು ಫ್ರಿಜ್ ಮೆಕ್ಯಾನಿಕ್ ಆಗಿರಲಿಲ್ಲ. ಲಾರಿಗಳ ವೈರಿಂಗ್ ಮಾಡುವ ವಯಸ್ಸಾದ ಮಿಸ್ತ್ರಿ. ಅವರು ಬಂದು ಫ್ರಿಜ್ ಬಾಗಿಲನ್ನೇ ತೆರೆಯಲಿಲ್ಲ. ಬ್ಯಾಟರಿಯ ಮೇಲೆ ಮೀಟರ್ ಇಟ್ಟರು: 12.3 ವೋಲ್ಟ್. ಬಳಿಕ ನೆಲಕ್ಕೆ ಮಲಗಿ, ಕಂಪ್ರೆಸರ್ ಪಕ್ಕದ, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ವೈರ್ ಸೇರುವ ಜಾಗಕ್ಕೇ ಮೀಟರಿನ ಕಡ್ಡಿಗಳನ್ನು ಚುಚ್ಚಿದರು. ಕಂಪ್ರೆಸರ್ ಏಳುವ ಗಳಿಗೆಗೆ ಅಂಕಿ 10.3ಕ್ಕೆ ಬಿತ್ತು, ಫ್ರಿಜ್ ಆರಿತು, ಅಂಕಿ ಸರಕ್ಕನೆ 12.3ಕ್ಕೆ ಮರಳಿತು. "ಕರೆಂಟು ಹೊರಟಿದೆ ತಮ್ಮಾ, ದಾರಿಯಲ್ಲೇ ಸೋರಿ ಹೋಗುತ್ತಿದೆ" ಎಂದರು.

ಈ ಕಂಪ್ರೆಸರಿನ ಬೋರ್ಡು ಬ್ಯಾಟರಿಯನ್ನು ಕಾಯುವ ಕೆಲಸವನ್ನೂ ಮಾಡುತ್ತದೆ. ಸೆಟ್ಟಿಂಗ್ ಏನೂ ಬದಲಿಸದಿದ್ದರೆ 10.4 ವೋಲ್ಟಿಗೆ ಇಳಿದೊಡನೆ ನಿಲ್ಲಿಸುತ್ತದೆ, 11.7 ಬಂದ ಮೇಲೆ ಮತ್ತೆ ಆರಂಭಿಸುತ್ತದೆ. ಅದು ಅಳೆಯುವುದು ತನ್ನ ಬಾಗಿಲಿಗೆ ಬಂದು ತಲುಪಿದ ವೋಲ್ಟೇಜನ್ನು. ಬ್ಯಾಟರಿಯಲ್ಲಿ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಗಾಡಿಯಲ್ಲಿ ಬ್ಯಾಟರಿ ಮುಂದೆ, ಫ್ರಿಜ್ ಹಿಂದೆ, ನಡುವೆ ಆರು ಮೀಟರ್. ಹೋಗಿಬರುವ ದಾರಿ ಹನ್ನೆರಡು ಮೀಟರ್ ಆಯಿತು. ಅಷ್ಟು ದೂರಕ್ಕೆ ಕೂಡಿಸಿದವರು ಎಳೆದಿದ್ದದ್ದು 1.5 ಚದರ ಮಿಲಿಮೀಟರ್ ವೈರ್, ಮನೆಯಲ್ಲಿ ಟ್ಯೂಬ್‌ಲೈಟಿಗೆ ಹಾಕುವಂಥದ್ದು. 5 ಆಂಪಿಯರ್ ಹರಿದರೆ ಆ ವೈರಿನಲ್ಲೇ ಮುಕ್ಕಾಲು ವೋಲ್ಟಿನ ಆಸುಪಾಸು ಕರಗುತ್ತದೆ. ಜೊತೆಗೆ ಗಾಜಿನ ಫ್ಯೂಸಿನ ಸಡಿಲ ಹಿಡಿಕೆ, ಇಕ್ಕಳದಿಂದ ಒತ್ತಿ ಟೇಪು ಸುತ್ತಿದ ಜೋಡಣೆ. ಮನೆಯ 230 ವೋಲ್ಟಿನಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ, 12ರಲ್ಲಿ ಎರಡು ಹೋದರೆ ಫ್ರಿಜ್ ಉಪವಾಸ. ಗಾಡಿ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14 ವೋಲ್ಟಿನ ಮೇಲೆ ಕೊಡುವುದರಿಂದ ಈ ರೋಗ ಮರೆಯಾಗಿರುತ್ತಿತ್ತು.

ಕಂಪ್ರೆಸರ್ ತಯಾರಕರ ಕೈಪಿಡಿಯಲ್ಲೇ ಇದರ ಲೆಕ್ಕ ಇದೆ, ನೆನಪಿಡಲೂ ಸುಲಭ: 12 ವೋಲ್ಟಿಗೆ ಬ್ಯಾಟರಿಯಿಂದ ಫ್ರಿಜ್ ಎಷ್ಟು ಮೀಟರ್ ದೂರವೋ ಅಷ್ಟು ಚದರ ಮಿಲಿಮೀಟರಿನ ವೈರ್. ಆರು ಮೀಟರಿಗೆ ಆರು. ಗಾಂಧಿ ಚೌಕದ ಎಲೆಕ್ಟ್ರಿಕಲ್ ಅಂಗಡಿಯಿಂದ 6 ಚದರ ಮಿಲಿಮೀಟರಿನ ತಾಮ್ರದ ವೈರ್ ತಂದು, ಬ್ಯಾಟರಿಯ ಎರಡೂ ತುದಿಗಳಿಂದ ನೇರವಾಗಿ ಎಳೆದೆವು. ಗಾಡಿಯ ಕಬ್ಬಿಣವನ್ನೇ ನೆಗೆಟಿವ್ ದಾರಿಯಾಗಿ ಬಳಸಲಿಲ್ಲ. ಬ್ಯಾಟರಿಯ ಹತ್ತಿರವೇ 15 ಆಂಪಿಯರಿನ ಬ್ಲೇಡ್ ಫ್ಯೂಸ್, ವೈರಿನ ತುದಿಗಳಿಗೆ ಸರಿಯಾಗಿ ಒತ್ತಿದ ಲಗ್ಗು (ಲೋಹದ ಕೊಂಡಿ). ಮಿಸ್ತ್ರಿಯವರ ಕೂಲಿಯೂ ಸೇರಿ ಗ್ಯಾಸ್ ತುಂಬಿಸಲು ಕೇಳಿದ್ದಕ್ಕಿಂತ ಕಡಿಮೆ ಖರ್ಚು. ಅಂದಿನಿಂದ ಆ ಗುಂಯ್‌ಗುಂಯ್ ಆಟ ನಿಂತಿದೆ.

ಬೋರ್ಡಿಗೆ ಒಂದು ಸಣ್ಣ ಎಲ್‌ಇಡಿ ಜೋಡಿಸಿಕೊಳ್ಳುವ ಸೌಲಭ್ಯವಿದೆ, ಅದನ್ನೂ ಹಾಕಿಸಿದೆ. ತೊಂದರೆಯಾದಾಗ ಅದು ಎಣಿಸಿ ಮಿನುಗುತ್ತದೆ. ಒಂದು ಮಿನುಗು ಎಂದರೆ ವೋಲ್ಟೇಜ್ ಕಡಿಮೆ, ಎರಡು ಎಂದರೆ ಫ್ಯಾನ್ ಹೆಚ್ಚು ಕರೆಂಟು ಎಳೆಯುತ್ತಿದೆ, ಮೂರು ಎಂದರೆ ಮೋಟಾರ್ ಏಳಲಿಲ್ಲ, ನಾಲ್ಕು ಎಂದರೆ ಎದ್ದರೂ ಬೇಕಾದ ವೇಗ ಹಿಡಿಯಲಾಗುತ್ತಿಲ್ಲ, ಐದು ಎಂದರೆ ಬೋರ್ಡೇ ಕಾದಿದೆ. ಇಷ್ಟು ಸ್ಪಷ್ಟವಾಗಿ ತನ್ನ ನೋವು ಹೇಳಿಕೊಳ್ಳುವ ಯಂತ್ರಕ್ಕೆ ಈ ದೀಪ ಹಾಕದೆ ಫಿಟ್ಟಿಂಗ್‌ನವರು ಹಣ ಉಳಿಸುವುದೇಕೋ ತಿಳಿಯದು. ಎಲ್‌ಇಡಿಯ ಬೆಲೆ ಚಹಾದ ಬೆಲೆಗಿಂತ ಹೆಚ್ಚಿಲ್ಲ.

ಗ್ಯಾಸ್ ಹೋಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹೋದರೆ ಲಕ್ಷಣ ಬೇರೆ: ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಎಳೆಯುವ ಕರೆಂಟು ಎಂದಿಗಿಂತ ಕಡಿಮೆಯಿರುತ್ತದೆ, ಒಳಗಿನ ತಂಪು ಕೊಡುವ ತಟ್ಟೆಯ ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟುತ್ತದೆ, ಪೈಪಿನ ಬೆಸುಗೆಯಲ್ಲಿ ಎಣ್ಣೆಯ ಜಿಡ್ಡು ಕಾಣಬಹುದು. ಇಂಥ ಪುಟ್ಟ ಫ್ರಿಜ್‌ಗಳಲ್ಲಿರುವುದೇ ಹತ್ತಾರು ಗ್ರಾಂ ಗ್ಯಾಸ್. ಅಂದಾಜಿನಲ್ಲಿ ತುಂಬಿಸಿದರೆ ಕಡಿಮೆಯಾದದ್ದಕ್ಕಿಂತ ಹೆಚ್ಚಾದದ್ದೇ ಕಾಡುತ್ತದೆ. ಲೇಬಲ್ಲಿನ ಮೇಲೆ ಆರ್600ಎ ಎಂದಿದ್ದರೆ ಅದು ಬೆಂಕಿ ಹತ್ತುವ ಗ್ಯಾಸ್, ಮುಚ್ಚಿದ ಗಾಡಿಯೊಳಗೆ ಯಾರಿಗೂ ಅದನ್ನು ಬಿಚ್ಚಲು ಬಿಡಬೇಡಿ.

ಎರಡನೆಯ ದೊಡ್ಡ ಸಮಸ್ಯೆ ಗಾಳಿ. ಫ್ರಿಜ್ ಲೇಬಲ್ಲಿನಲ್ಲಿ ಹವಾಮಾನದ ವರ್ಗ ಬರೆದಿರುತ್ತದೆ. 'ಎನ್' ಎಂದರೆ ಹೊರಗೆ 32 ಡಿಗ್ರಿವರೆಗೆ, 'ಎಸ್‌ಟಿ' ಎಂದರೆ 38, 'ಟಿ' ಎಂದರೆ 43. ನಮ್ಮ ಭಾಗದವರು 'ಟಿ' ಇಲ್ಲದ್ದನ್ನು ಮುಟ್ಟಲೇಬಾರದು. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ 43 ಕೂಡ ಸಣ್ಣ ಅಂಕಿ. ಅಂಥದ್ದರಲ್ಲಿ ನಮಗೆ ಕೂಡಿಸಿಕೊಟ್ಟವರು ಫ್ರಿಜ್ ಅನ್ನು ಚೆಂದದ ಪ್ಲೈವುಡ್ ಪೆಟ್ಟಿಗೆಯಲ್ಲಿ ನಾಲ್ಕೂ ಕಡೆಯಿಂದ ಮುಚ್ಚಿ ಸನ್‌ಮೈಕಾ ಹಚ್ಚಿದ್ದರು. ಬಿಟ್ಟ ಬಿಸಿಯನ್ನೇ ಮತ್ತೆ ಉಸಿರಾಡಬೇಕಾದ ಸ್ಥಿತಿ. ಬಡಗಿಯನ್ನು ಕರೆಸಿ ಕೆಳಗೊಂದು, ಹಿಂದೆ ಮೇಲ್ಗಡೆಯೊಂದು ಜಾಲರಿ ಕೊರೆಸಿದ ಮೇಲೆ, ಮಧ್ಯಾಹ್ನವಿಡೀ ಓಡುತ್ತಿದ್ದ ಕಂಪ್ರೆಸರ್ ನಡುನಡುವೆ ವಿಶ್ರಾಂತಿ ಪಡೆಯತೊಡಗಿತು.

ಜಾಲರಿ ಬಂದರೆ ಧೂಳೂ ಬರುತ್ತದೆ. ಎರೆಮಣ್ಣಿನ ಹೊಲದ ದಾರಿಯಲ್ಲಿ ಒಮ್ಮೆ ಹೋಗಿಬಂದರೆ ಸಾಕು, ಬಿಸಿ ಹೊರಬಿಡುವ ಕಂಡೆನ್ಸರಿನ ತೆಳು ತಗಡುಗಳ ನಡುವೆ ಕಪ್ಪು ಪುಡಿ ಕೂರುತ್ತದೆ. ಒಲೆಯ ಒಗ್ಗರಣೆಯ ಜಿಡ್ಡು ಅದಕ್ಕೆ ಸೇರಿದರೆ ಕಂಬಳಿಯಂತೆ ಗಟ್ಟಿಯಾಗುತ್ತದೆ. ದ್ರಾಕ್ಷಿ ಸುಗ್ಗಿಯಲ್ಲಿ ತಿಕೋಟಾದ ಕಡೆ ಹೋಗಿ ಬಂದಾಗಲೆಲ್ಲ ನಾನು ಕನೆಕ್ಷನ್ ತೆಗೆದು, ಬಣ್ಣ ಹಚ್ಚುವ ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ, ಬ್ಲೋವರ್ ಹಿಡಿಯುತ್ತೇನೆ. ಸರ್ವೀಸ್ ಸ್ಟೇಷನ್ನಿನ ಹುಡುಗರು ನೀರಿನ ಪೈಪು ಹಿಡಿದು ಬಂದರೆ ಕೈ ಅಡ್ಡ ಇಡಿ. ಬೋರ್ಡು ಅಲ್ಲೇ ಪಕ್ಕದಲ್ಲಿದೆ. ಸಣ್ಣ ಫ್ಯಾನ್ ಒಮ್ಮೆ ಕರಕರ ಎನ್ನತೊಡಗಿತ್ತು. ಅದು ಕಂಪ್ಯೂಟರಿನಲ್ಲಿ ಇರುವಂಥದ್ದೇ 12 ವೋಲ್ಟಿನ ಫ್ಯಾನ್. ಅಳತೆ ನೋಡಿ ತಂದು, ಗಾಳಿಯ ದಿಕ್ಕಿನ ಬಾಣದ ಗುರುತು ಹಳೆಯದರಂತೆಯೇ ಇಟ್ಟು ಕೂಡಿಸಿದರೆ ಮುಗಿಯಿತು. 24 ವೋಲ್ಟಿನ ಬಸ್ಸಿನಲ್ಲಿ ಇದೇ ಕಂಪ್ರೆಸರ್ ಇದ್ದರೂ ಫ್ಯಾನ್ 12ರದ್ದೇ ಬೇಕು ಎಂಬುದು ಅನೇಕ ಮೆಕ್ಯಾನಿಕ್‌ಗಳಿಗೆ ಹೊಸ ಸುದ್ದಿ.

ಉಳಿದವು ಚಿಲ್ಲರೆ. ಬಾಗಿಲ ರಬ್ಬರಿನ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಬೇಕು. ತಡೆಯಿಲ್ಲದೆ ಬಂದರೆ ಅಲ್ಲಿ ತಂಪು ಸೋರುತ್ತಿದೆ. ನಮ್ಮದರಲ್ಲಿ ಕಾರಣ ಶೇಂಗಾ ಚಟ್ನಿಯ ಪುಡಿ. ಉಗುರುಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಹಾಕಿ ಒರೆಸಿದೆವು, ಬಾಗಿದ್ದ ಮೂಲೆಯನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ನೇರ ಮಾಡಿದೆವು. ಬನಶಂಕರಿಯಲ್ಲಿ ರೊಟ್ಟಿಯ ಜೊತೆ ಮಾರುವ ಕುಡಿಕೆ ಮೊಸರನ್ನು ಅವ್ವ ಬಿಡುವವಳಲ್ಲ. ಒಂದು ಕುಡಿಕೆ ರಸ್ತೆಯ ಉಬ್ಬಿಗೆ ಮಗುಚಿ, ಮೊಸರು ಹಿಂದಿನ ಸಣ್ಣ ನೀರಿನ ತೂತಿಗೆ ಇಳಿದು ಗಟ್ಟಿಯಾಗಿತ್ತು. ಬಾಗಿಲು ತೆರೆದಾಗಲೆಲ್ಲ ಕಾಲ ಮೇಲೆ ನೀರು. ಸೂಜಿ ತೆಗೆದ ಸಿರಿಂಜಿನಿಂದ ಬಿಸಿನೀರು ಬಿಟ್ಟರೆ ದಾರಿ ತೆರೆದುಕೊಳ್ಳುತ್ತದೆ. ಹಿಮ ಕಟ್ಟಿದರೆ ಆರಿಸಿ, ಬಾಗಿಲು ತೆರೆದಿಟ್ಟು ಕಾಯಬೇಕು. ಚಾಕುವಿನಿಂದ ಕೆರೆಯುವವರು ಅಲ್ಯೂಮಿನಿಯಂ ತಟ್ಟೆಗೆ ತೂತು ಮಾಡಿ, ಆಗ ಮಾತ್ರ ನಿಜವಾಗಿಯೂ ಗ್ಯಾಸ್ ಕಳೆದುಕೊಳ್ಳುತ್ತಾರೆ. ಗಾಡಿ ಬಳಸದೆ ನಿಲ್ಲಿಸುವಾಗ ಒರೆಸಿ ಒಣಗಿಸಿ, ಬಾಗಿಲನ್ನು ಎರಡು ಬೆರಳಷ್ಟು ಬಿಟ್ಟಿಡಿ. ಬೂಷ್ಟಿನ ವಾಸನೆ ಬರುವುದಿಲ್ಲ.

ನನಗೆ ಭಯ ಹುಟ್ಟಿಸಿದ್ದು ಇವು ಯಾವುವೂ ಅಲ್ಲ, ತಾಪ ಅಳೆಯುವ ಸೆನ್ಸರ್. ಕೆಟ್ಟ ರಸ್ತೆಯ ಕುಲುಕಾಟಕ್ಕೆ ಅದು ಕ್ಲಿಪ್ಪಿನಿಂದ ಕಳಚಿ, ತಟ್ಟೆಯಿಂದ ದೂರ ಜೋತಾಡುತ್ತಿತ್ತು. ಒಳಗೆ ಇನ್ನೂ ಬೆಚ್ಚಗಿದೆ ಎಂದು ತಿಳಿದ ಫ್ರಿಜ್ ರಾತ್ರಿಯಿಡೀ ಓಡಿತು. ಬೆಳಿಗ್ಗೆ ಟೊಮೆಟೊಗಳು ಕಲ್ಲಾಗಿದ್ದವು. ಅದೃಷ್ಟಕ್ಕೆ ಇನ್ಸುಲಿನ್ ಬಾಗಿಲ ಕಡೆಯ ಡಬ್ಬಿಯಲ್ಲಿತ್ತು. ಈಗ ಸೆನ್ಸರಿಗೆ ಹೊಸ ಕ್ಲಿಪ್ ಇದೆ, ಜೊತೆಗೆ ಒಂದು ಲೋಟ ನೀರಿನಲ್ಲಿ ಮುಳುಗಿಸಿದ ಅಗ್ಗದ ಡಿಜಿಟಲ್ ಥರ್ಮಾಮೀಟರ್ ಕೂಡ. ಔಷಧ ಇಡುವವರು ಫ್ರಿಜ್‌ನ ಪರದೆಯ ಮೇಲಿನ ಅಂಕಿಯನ್ನಷ್ಟೇ ನಂಬಬೇಡಿ. ಔಷಧವನ್ನು ಹಿಮ ಕಟ್ಟುವ ತಟ್ಟೆಗೆ ತಾಗಿಸಿ ಇಡಲೇಬೇಡಿ.

ವಿದ್ಯುತ್ತಿನ ಖರ್ಚು ಕೇಳುವವರಿಗೆ: ಓಡುವಾಗ 45ರಿಂದ 60 ವ್ಯಾಟ್. ಸೆಕೆಯ ದಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಓಡುತ್ತದೆ ಎಂದು ಹಿಡಿದರೆ ದಿನಕ್ಕೆ 50 ಆಂಪಿಯರ್-ಅವರ್ ಆಸುಪಾಸು. 100 ಆಂಪಿಯರ್-ಅವರಿನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಎಂದರೆ ಬ್ಯಾಟರಿ ಒಂದರಿಂದಲೇ ಒಂದು ದಿನ. ಎರಡು ದಿನ ಒಂದೇ ಕಡೆ ನಿಲ್ಲುವವರಿಗೆ ಚಾವಣಿಯ ಮೇಲೆ ಸೋಲಾರ್ ಬೇಕೇ ಬೇಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಫ್ರಿಜ್ ಕಳೆದುಕೊಂಡ ಒಂದು ಅಂಕದ ಕಾರಣ ಬಾಗಿಲ ಚಿಲಕ. ಪ್ಲಾಸ್ಟಿಕ್ಕಿನದು. ಚೋರ್ಲಾ ಘಾಟಿನ ತಿರುವುಗಳಲ್ಲಿ ಬಾಗಿಲು ತೆರೆದು ಹಾಲಿನ ಪಾಕೀಟುಗಳು ಗಾಡಿಯ ತುಂಬ ಓಡಾಡಿದ್ದವು. ಮಾರಿದವರಿಗೆ ಬರೆದರೆ ಚಿಲಕ ಬಿಡಿಯಾಗಿ ಸಿಗುವುದಿಲ್ಲ, ಬಾಗಿಲನ್ನೇ ಕೊಳ್ಳಬೇಕು ಎಂಬ ಉತ್ತರ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಅದೇ ಅಳತೆಗೆ ಹಿತ್ತಾಳೆಯದೊಂದು ಮಾಡಿಕೊಡುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಹಳೆಯ ಬ್ಯಾಗಿನ ಪಟ್ಟಿಯನ್ನು ಬಾಗಿಲಿಗೆ ಅಡ್ಡ ಬಿಗಿದಿದ್ದೇವೆ.