ಸೈಕಲ್‌ನವರಿಗೆ ‘ಗಿಫ್ಟ್ ಕಾಂಬೋ’ ತಗೊಳ್ಳೋ ಮುಂಚೆ ಇದನ್ನು ಓದಿ (ಬಳ್ಳಾರಿಯವರು ಮುಖ್ಯವಾಗಿ)

ಸೈಕಲ್ ಹುಚ್ಚಿರುವ ತಮ್ಮನಿಗೋ ಗೆಳೆಯನಿಗೋ ಕಡಿಮೆ ದುಡ್ಡಲ್ಲಿ ಏನಾದರೂ ಕೊಡೋಣ ಅಂತ ಹುಡುಕುತ್ತಿದ್ದೀರಾ? ಕಪ್ಪು ಡಬ್ಬಿಗೆ ರಿಬ್ಬನ್ ಕಟ್ಟಿ ‘ಗಿಫ್ಟ್ ಕಾಂಬೋ’ ಅಂತ ತೋರಿಸಿದರೆ ದಯವಿಟ್ಟು ತಗೋಬೇಡಿ. ನನ್ನ 1,499 ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ದುಡ್ಡು ಹಾಳಾಗಿ ಹೋಗಲಿ, ಮನೆಮಂದಿ ಎದುರು ಮರ್ಯಾದೆ ಹೋಯ್ತಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ಅಂಗಡಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ನನ್ನ ಮೈದುನನಿಗೆ ತೋರಣಗಲ್ಲು ಕಡೆ ಕೆಲಸ. ಭಾನುವಾರ ಬಂತೆಂದರೆ ಸಂಡೂರು ಗುಡ್ಡ, ಗೆಳೆಯರು, ಮೌಂಟನ್ ಬೈಕ್. ಅಷ್ಟೇ ಅವನ ಲೋಕ. ವಾಪಸ್ ಬಂದಾಗ ಬಟ್ಟೆ ನೆನೆಸಿದರೆ ಬಕೆಟ್ ನೀರೆಲ್ಲ ಕೆಂಪು. ಆ ದಾರಿಯಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದರ ಮುಳ್ಳು ದಪ್ಪ ಟೈರನ್ನೂ ಬಿಡಲ್ಲ. ಈಚೆಗೆ ಒಂದು ದಿನ ಪಂಕ್ಚರ್ ಆಗಿ ಸೈಕಲ್ ತಳ್ಳಿಕೊಂಡೇ ಬಂದಿದ್ದ. ಹುಟ್ಟುಹಬ್ಬಕ್ಕೆ ಶರ್ಟು ಪ್ಯಾಂಟು ಬೇಡ, ಇದಕ್ಕೇ ಉಪಯೋಗ ಆಗೋದು ಕೊಡೋಣ ಅನ್ನಿಸಿತು. ಬಜೆಟ್ 1,500.

ನಾನು ಸುಮ್ನೆ ಹೋಗಿ ಕೇಳಿಲ್ಲ. ಅವನಿಲ್ಲದಾಗ ಸೈಕಲ್ ಫೋಟೋ ತೆಗೆದುಕೊಂಡಿದ್ದೆ. ಟೈರ್ ಮೇಲಿನ 27.5x2.10 ಅನ್ನೋ ಅಳತೆ, ಗಾಳಿ ಹಾಕುವ ವಾಲ್ವ್, ಎಲ್ಲ ಹತ್ತಿರದಿಂದ. ಅಂಗಡಿಯವನು ನನ್ನ ಫೋನ್ ಕೈಗೆ ತಗೊಂಡು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದ. ನೋಡಿದ, ನಿಜವಾಗಿ ನೋಡಿದ. ಆಮೇಲೆ ಆ ಕಾಂಬೋ ಡಬ್ಬಿ ಮುಂದಿಟ್ಟು ಹೇಳಿದ್ದು: “ಇದಕ್ಕ ಕರೆಕ್ಟ್ ಕೂಡ್ತೈತ್ರಿ ಅಕ್ಕಾ. ಕಣ್ಣು ಮುಚ್ಕೊಂಡು ತಗೊಂಡ್ ಹೋಗ್ರಿ.”

ಡಬ್ಬಿಯೊಳಗೆ ಏನೇನಿದೆ ಅಂದರೆ, ಕೈಯಲ್ಲಿ ಹಿಡಿಯೋ ಪುಟ್ಟ ಪಂಪು, ಬೋಲ್ಟ್ ತಿರುಗಿಸೋ ಆರು ಮೂಲೆಯ ಹತ್ತಾರು ಅಲೆನ್ ಕೀ ಮಡಚಿಟ್ಟ ಮಲ್ಟಿಟೂಲ್, ಪಂಕ್ಚರ್ ತಡೆಯೋ ಸೀಲೆಂಟ್ ಬಾಟಲಿ. ತೆರೆದು ತೋರಿಸಿ ಅಂದೆ. ಪ್ಯಾಕಿಂಗ್ ಹಾಳಾಗುತ್ತೆ, ಗಿಫ್ಟ್ ಅಲ್ವಾ ಅಂದ. ಬಿಲ್ ಕೇಳಿದರೆ “ಬಿಲ್ ಬೇಕಂದ್ರ ಜಿಎಸ್‌ಟಿ ಮ್ಯಾಲ ಬೀಳ್ತೈತಿ” ಅಂತ ಒಂದು ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟ.

ಸಂಜೆ ಕೇಕ್ ಕತ್ತರಿಸಿದ ಮೇಲೆ ಮೈದುನ ಡಬ್ಬಿ ತೆಗೆದ. ಅತ್ತೆ, ನನ್ನ ಗಂಡ, ಅವನ ಜೊತೆ ಸೈಕಲ್ ಹೊಡೆಯೋ ಹುಡುಗರು, ಎಲ್ಲಾ ಇದ್ದರು. ಪಾಪ, ಖುಷಿಯಿಂದ ಅಲ್ಲೇ ಪಂಪು ಹಚ್ಚಿ ನೋಡಿದ. ಅವನ ಸೈಕಲ್‌ನದು ಪ್ರೆಸ್ಟಾ ವಾಲ್ವ್. ಸಣ್ಣಗೆ, 6 ಮಿಲಿಮೀಟರ್ ಇರುತ್ತದೆ, ತುದಿಯ ಪುಟ್ಟ ನಟ್ಟು ಸಡಿಲ ಮಾಡಿ ಗಾಳಿ ಹಾಕಬೇಕು. ಪಂಪಿನ ಬಾಯಿ ಇದ್ದದ್ದು ಮೋಟಾರ್ ಬೈಕಿಗೆ ಇರುತ್ತಲ್ಲ, ಆ 8 ಮಿಲಿಮೀಟರಿನ ದಪ್ಪ ವಾಲ್ವ್‌ಗೆ. ಒತ್ತಿದಷ್ಟೂ ಪಕ್ಕದಿಂದ ಗಾಳಿ ಪುಸ್ ಪುಸ್ ಅಂತ ಹೊರಗೆ. ಡಬ್ಬಿ ಮೇಲೆ ಮಾತ್ರ ಗಾಳಿ ಒತ್ತಡದ ಅಂಕಿ ದಪ್ಪಕ್ಷರದಲ್ಲಿ: ‘160 ಪಿಎಸ್‌ಐ’. ಒಬ್ಬ ಹುಡುಗ ನಕ್ಕೇಬಿಟ್ಟ. ಗುಡ್ಡದ ಸೈಕಲ್‌ಗೆ ಅವರು ಹಾಕೋದೇ 30 ಆಸುಪಾಸಂತೆ, 160 ಯಾರಿಗೆ ಬೇಕು!

ಮಲ್ಟಿಟೂಲ್ ಇನ್ನೂ ಚೆಂದ. ಹ್ಯಾಂಡಲ್ ಹತ್ತಿರದ ಬೋಲ್ಟಿಗೆ 5 ಮಿಲಿಮೀಟರ್ ಕೀ ಹಾಕಿ ಸ್ವಲ್ಪ ತಿರುಗಿಸಿದ. ಬೋಲ್ಟ್ ಅಲ್ಲಾಡಲಿಲ್ಲ. ಕೀಯ ಆರು ಮೂಲೆ ಸವೆದು ಗುಂಡಗಾಯ್ತು. ಬೆಣ್ಣೆ ಕಬ್ಬಿಣ. ಜೋರಾಗಿ ತಿರುಗಿಸಿದ್ದರೆ ಬೋಲ್ಟೇ ಹಾಳಾಗುತ್ತಿತ್ತಂತೆ.

ಸೀಲೆಂಟ್ ಬಾಟಲಿ ಅಲ್ಲಾಡಿಸಿದರೆ ಒಳಗೆ ಏನೋ ಗಟ್ಟಿಯಾಗಿ ಲೊಟಕ್ ಅಂತು. ಅದರಲ್ಲಿ ಹೆಚ್ಚಾಗಿ ಇರೋದು ರಬ್ಬರ್ ಹಾಲು, ಹಳೆಯದಾದರೆ ಹೆಪ್ಪುಗಟ್ಟುತ್ತದೆ. ಬಳ್ಳಾರಿ ಬಿಸಿಲಲ್ಲಿ ಕೇಳಬೇಕಾ? ಅತ್ತೆ ಬಾಟಲಿ ತಗೊಂಡು ಉಗುರಲ್ಲಿ ಸ್ಟಿಕ್ಕರ್ ಕೆರೆದರು. ಕೆಳಗೆ ಇನ್ನೊಂದು ಸ್ಟಿಕ್ಕರ್! ಮೇಲಿನದರಲ್ಲಿ ಈ ವರ್ಷದ ತಯಾರಿ. ಕೆಳಗಿನದರಲ್ಲಿ 2020. “ಎಷ್ಟು ಕೊಟ್ಟಿ?” ಅಂದರು. ನಾನು ಬಾಯಿ ಬಿಡಲಿಲ್ಲ. ಮೈದುನ “ಇರಲಿ ಬಿಡಿ ಅತ್ತಿಗೆ, ಏನೋ ಮಾಡೋಣ” ಅಂದ. ಅವನು ಸಮಾಧಾನ ಹೇಳಿದ್ದಕ್ಕೇ ಜಾಸ್ತಿ ಅವಮಾನ ಆಯ್ತು.

ಮರುದಿನ ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಓದಿ.

“ಬಾಕ್ಸ್ ಓಪನ್ ಮಾಡೀರಲ್ರಿ ಅಕ್ಕಾ, ಈಗ ಹೆಂಗ್ ವಾಪಸ್ ತಗೊಳ್ಳೋದು?” ಓಪನ್ ಮಾಡದೆ ಸರಿಯಿಲ್ಲ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಉತ್ತರ ಇಲ್ಲ.

ವಾಲ್ವ್ ಫೋಟೋ ಮತ್ತೆ ತೋರಿಸಿದೆ. “ಹೌದ್ರಿ, ಇದಕ್ಕ ಅಡಾಪ್ಟರ್ ಬೇಕು. ನಲವತ್ತು ರೂಪಾಯಿ, ಕೊಡ್ಲೇನು?” ಅಂದರೆ ಅವನಿಗೆ ಗೊತ್ತಿತ್ತು! ಫೋಟೋ ನೋಡಿದ ದಿನವೇ ಗೊತ್ತಿತ್ತು!

ಸ್ಟಿಕ್ಕರ್ ತೋರಿಸಿದರೆ “ಅದು ಕಂಪನಿಯವರೇ ಹಚ್ಚಿದ್ದು” ಅಂದ. ಯಾವ ಕಂಪನಿ? ಬಾಟಲಿ ಮೇಲೆ ತಯಾರಿಸಿದವರ ವಿಳಾಸವೇ ಇಲ್ಲ.

ಕೊನೆಗೆ ಹೇಳಿದ ಮಾತು ಇದೆಯಲ್ಲ, ಇನ್ನೂ ಕಿವಿಯಲ್ಲಿ ಕೂತಿದೆ. “ಗಿಫ್ಟ್ ಕೊಡಾಕ ಅಂದ್ರಿ, ಗಿಫ್ಟ್ ಐಟಂ ಕೊಟ್ವಿ. ಬಳಸಾಕ ಅಂತ ನೀವು ಹೇಳ್ಲಿಲ್ಲಲ್ಲ?”

ಬಳಸೋಕೆ ಅಂತ ಹೇಳಲಿಲ್ಲವಂತೆ! ಪಂಪನ್ನು ಇನ್ನೇನು ದೇವರ ಕೋಣೆಯಲ್ಲಿ ಇಟ್ಟು ಪೂಜೆ ಮಾಡುತ್ತಾರಾ? ಪಕ್ಕದಲ್ಲಿ ನಿಂತಿದ್ದ ಗಿರಾಕಿ ಒಬ್ಬ ಬೇರೆ ಹಲ್ಲು ಕಿರಿದ. ವಾಟ್ಸಾಪ್‌ನಲ್ಲಿ ಫೋಟೋ ಎಲ್ಲ ಕಳಿಸಿದೆ. ನೋಡಿದ. ಕೈ ಮುಗಿಯೋ ಚಿತ್ರ ಒಂದು ಕಳಿಸಿ ಸುಮ್ಮನಾದ.

ಇನ್ನು ನೀವು ಮಾಡಬೇಕಾದ್ದು. ಕಾಂಬೋ ಅನ್ನೋದೇ ಬೇಡ, ಬಿಡಿಬಿಡಿಯಾಗಿ ತಗೊಳ್ಳಿ. ನಾನು ಮೈದುನನನ್ನೇ ಕೇಳಿದೆ, ನಿನಗೆ ನಿಜವಾಗಿ ಏನು ಬೇಕಿತ್ತು ಅಂತ. ಅವನ ಅಳತೆಯ ಒಂದು ಸ್ಪೇರ್ ಟ್ಯೂಬ್, ಪಂಕ್ಚರ್ ಪ್ಯಾಚು, ಟೈರ್ ಬಿಚ್ಚೋ ಪ್ಲಾಸ್ಟಿಕ್ ಲಿವರ್, ಚೈನ್‌ಗೆ ಹಾಕೋ ಎಣ್ಣೆ. ಎಲ್ಲಾ ಸೇರಿದರೂ 1,500 ಆಗಲ್ಲ! ಟ್ಯೂಬ್ ಕೊಡೋದಾದರೆ 26, 27.5, 29 ಇಂಚು ಮೂರೂ ಬೇರೆ ಬೇರೆ, ಟೈರ್ ಪಕ್ಕದಲ್ಲಿ ಬರೆದಿರುತ್ತದೆ. ವಾಲ್ವ್ ಸಣ್ಣದೋ ದಪ್ಪದೋ ನೋಡಿಕೊಳ್ಳಿ. ಪಂಪು ಬೇಕೇ ಬೇಕು ಅಂದರೆ ಕೌಂಟರ್ ಮೇಲೇ ತೆಗೆಸಿ, ಅಂಗಡಿಯ ಯಾವುದಾದರೂ ಪ್ರೆಸ್ಟಾ ಟ್ಯೂಬಿಗೆ ಹಚ್ಚಿಸಿ ನೋಡಿ. ತೆಗೆಯಲ್ಲ ಅಂದರೆ ಎದ್ದು ಬನ್ನಿ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಇದೆಯಾ ಅಂತ ಉಗುರು ಹಾಕಿ ನೋಡಿ, ನಾಚಿಕೆ ಬೇಡ.

“ಮಾರಿದ ಮಾಲು ವಾಪಸ್ ಇಲ್ಲ” ಅನ್ನೋ ಬೋರ್ಡಿಗೂ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರೋದೂ ತಪ್ಪು, ದೋಷ ಇರೋ ಮಾಲನ್ನು ವಾಪಸ್ ತಗೊಂಡು ದುಡ್ಡು ಕೊಡದಿರೋದೂ ತಪ್ಪು. ಬಿಲ್ಲಿನಲ್ಲಿ ಅವಧಿ ಬರೆದಿಲ್ಲ ಅಂದರೆ ಅಂಗಡಿಯವರು 30 ದಿನದೊಳಗೆ ದುಡ್ಡು ವಾಪಸ್ ಕೊಡಬೇಕು. ನನ್ನ ಹತ್ತಿರ ಆ ಗೀಚಿದ ಚೀಟಿ ಇದೆ, ಫೋನಿನಿಂದ ದುಡ್ಡು ಕಳಿಸಿದ್ದರ ದಾಖಲೆ ಇದೆ, ಎರಡು ಸ್ಟಿಕ್ಕರಿನ ಫೋಟೋ ಇದೆ. ಎಲ್ಲ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ.

ಈಗ ಅಂಗಡಿಯವನಿಂದಲೇ ಫೋನ್ ಬರುತ್ತಿದೆ. “ಅಕ್ಕಾ, ದೊಡ್ಡದು ಮಾಡಬ್ಯಾಡ್ರಿ, ಒಂದು ಬೆಲ್ಲು, ಒಂದು ಲೈಟು ಕೊಡ್ತೀನಿ, ಅಡ್ಜಸ್ಟ್ ಮಾಡ್ಕೊಳ್ರಿ.” ಬೆಲ್ಲೂ ಬೇಡ, ಲೈಟೂ ಬೇಡ. 1,499 ವಾಪಸ್ ಹಾಕು ಅಂದಿದ್ದೇನೆ. ಇನ್ನೂ ಹಾಕಿಲ್ಲ.