ಸಿಲಿಂಡರ್ ಮೇಲಿನ ತಾರೀಖು ನೋಡದೆ ಪಿಸ್ತೂಲು ಕೊಳ್ಳಬೇಡಿ

ಮಕ್ಕಳಿಗೆ ಏರ್ ಪಿಸ್ತೂಲು ಕೊಡಿಸಲು ಹೊರಟಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು. ನಮ್ಮ ರೇಂಜಿನಲ್ಲಿ, ಅಂದರೆ ಮಕ್ಕಳು ಶೂಟಿಂಗ್ ಅಭ್ಯಾಸ ಮಾಡುವ ಜಾಗದಲ್ಲಿ, ಇನ್ನೂ ಎರಡು ಮನೆಯವರು ಇದೇ ದಾರಿ ಹಿಡಿದಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಮೈಸೂರಿನಲ್ಲಿ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದಾಗ ನನ್ನ ಮಗಳಿಗೆ ಹದಿಮೂರು ವರ್ಷ. ಟಿವಿ ಮುಂದೆ ಬಲಗೈ ಚಾಚಿ, ಎಡಗೈ ಜೇಬಿಗೆ ಹಾಕಿಕೊಂಡು ನಿಂತುಬಿಟ್ಟಳು. ಒಂದು ತಿಂಗಳು ಕಾಡಿದ ಮೇಲೆ ರೇಂಜಿಗೆ ಸೇರಿಸಿದೆವು. ಅಲ್ಲಿ ಮಕ್ಕಳು ಒಂಬತ್ತು, ಕ್ಲಬ್ಬಿನ ಪಿಸ್ತೂಲು ಎರಡು. ಒಂದು ಗಂಟೆ ಅಭ್ಯಾಸಕ್ಕೆ ಎರಡು ಗಂಟೆ ಕಾಯಬೇಕು. ಅವಳು ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುವುದನ್ನು ನೋಡಿ ನನಗೇ ಸಂಕಟ ಆಗುತ್ತಿತ್ತು. ಆ ಸಂಕಟದಲ್ಲೇ ತಪ್ಪು ಮಾಡಿದೆ.

ಮೊದಲು ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಪಿಸ್ತೂಲು ನೋಡಿದ್ದೆವು. ಕೋಚ್ ಸರ್ ಬೇಡ ಅಂದರು. ಸ್ಪ್ರಿಂಗ್ ಬಡಿದಾಗ ಕೈ ಅದುರುತ್ತದೆ, ಟ್ರಿಗರ್ ಗಟ್ಟಿ, ತಪ್ಪು ಅಭ್ಯಾಸ ಅಂಟಿಕೊಳ್ಳುತ್ತದೆ ಅಂದರು. ಅದು ಸರಿಯಾದ ಮಾತೇ. ಹತ್ತು ಮೀಟರ್ ಸ್ಪರ್ಧೆಗೆ ಈಗ ಎಲ್ಲರೂ ಬಳಸುವುದು ಸಿಲಿಂಡರಿನಲ್ಲಿ ಗಾಳಿ ತುಂಬಿಸುವ ಪಿಸ್ತೂಲು. ಸ್ಟಾಯರ್, ವಾಲ್ಥರ್, ಪಾರ್ಡಿನಿ, ಮೊರಿನಿ, ಫೈನ್‌ವರ್ಕ್‌ಬಾವ್, ಹೀಗೆ ಹೆಚ್ಚಿನವು ಯುರೋಪಿನಿಂದ ಬರುತ್ತವೆ. ಹೊಸದರ ಬೆಲೆ ಕೇಳಿ ನಾವು ಸುಮ್ಮನಾಗಿದ್ದೆವು.

ಆಗ ಒಬ್ಬರು ಫೋನ್ ಮಾಡಿದರು. ಅವರ ಹೆಸರು ಬೇಡ. ಶೂಟರ್‌ಗಳ ನಡುವೆ ಹಳೇ ಸಾಮಾನು ಕೊಡಿಸಿ ಕಮಿಷನ್ ತಗೊಳ್ಳುವವರು. "ಮೇಡಂ, ಒಬ್ಬ ಸೀನಿಯರ್ ಶೂಟರ್ ಬಳಸಿದ್ದು. ಮಗುವಿನ ಹಾಗೆ ನೋಡಿಕೊಂಡಿದ್ದಾರೆ. 1,10,000ಕ್ಕೆ ಕೊಡಿಸ್ತೀನಿ. ಇನ್ನೊಬ್ಬರು ಕೇಳ್ತಾ ಇದ್ದಾರೆ, ಇವತ್ತೇ ಹೇಳಿಬಿಡಿ." ಮಗಳ ಹೆಸರಲ್ಲಿ ಹಾಕುತ್ತಿದ್ದ ಚೀಟಿ ಎತ್ತಿದೆ. ಮರುದಿನ ಬೆಂಗಳೂರಿಗೆ ಹೋಗಿ ತಂದೆವು. ಕೋಚ್ ಸರ್ ಆ ವಾರ ಊರಲ್ಲಿ ಇರಲಿಲ್ಲ. ಅವರು ಬರುವ ತನಕ ಕಾಯಬೇಕಿತ್ತು. ಬಿಲ್ಲು ಕೇಳಿದ್ದಕ್ಕೆ "ಇದಕ್ಕೆ ಲೈಸೆನ್ಸೇ ಬೇಡ ಮೇಡಂ, ಬಿಲ್ಲು ಯಾಕೆ" ಅಂದರು.

ಲೈಸೆನ್ಸ್ ಬೇಡ ಅನ್ನುವುದು ನಿಜ. ನಳಿಕೆಯ ಒಳ ಅಗಲ 4.5 ಮಿಲಿಮೀಟರ್ ಮೀರದ, 20 ಜೌಲ್ ಶಕ್ತಿ ದಾಟದ ಏರ್ ಪಿಸ್ತೂಲಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಬಿಲ್ಲು ಬೇಕು. ಅದರ ಮೇಲೆ ಸೀರಿಯಲ್ ನಂಬರ್ ಇರಬೇಕು. ಬಸ್ಸಿನಲ್ಲಿ ಬ್ಯಾಗ್ ತೆಗೆಸಿ ಕೇಳಿದರೆ ಏನು ತೋರಿಸುತ್ತೀರಿ? ನಾಳೆ ನೀವೇ ಮಾರಬೇಕಾದರೆ ಯಾರು ನಂಬುತ್ತಾರೆ?

ಮೊದಲ ದಿನವೇ ಮಗಳು ಹೇಳಿದಳು, "ಅಮ್ಮಾ, ಟ್ರಿಗರ್‌ಗೆ ಬೆರಳು ಸರಿಯಾಗಿ ಸಿಗ್ತಾ ಇಲ್ಲ." ರೂಢಿ ಆಗುತ್ತೆ ಬಿಡು ಅಂದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಈ ಪಿಸ್ತೂಲುಗಳ ಹಿಡಿ ಮರದ್ದು. ಚಪ್ಪಲಿಗೆ ಇರುವ ಹಾಗೆ ಅದಕ್ಕೂ ಅಳತೆ ಇದೆ. ಇದು ದೊಡ್ಡ ಗಂಡಸಿನ ಕೈಗೆ ಆಗುವ ಹಿಡಿ. ಅದರ ಮೇಲೂ ಆತ ತನ್ನ ಅಂಗೈಗೆ ಕೂರುವಂತೆ ಅಲ್ಲಲ್ಲಿ ಉಜ್ಜಿ, ಪುಟ್ಟಿ ಮೆತ್ತಿದ್ದ. ನನ್ನ ಮಗಳು ಟ್ರಿಗರ್ ಮುಟ್ಟಲು ಇಡೀ ಕೈಯನ್ನೇ ತಿರುಗಿಸುತ್ತಿದ್ದಳು. ಬೆರಳ ತುದಿಯಿಂದ ಎಳೆದಾಗ ಪಿಸ್ತೂಲು ಪಕ್ಕಕ್ಕೆ ಜಾರುತ್ತಿತ್ತು. ಸೀಸದ ಸಣ್ಣ ಗುಂಡುಗಳು, ಅಂದರೆ ಪೆಲೆಟ್‌ಗಳೆಲ್ಲ ಎಡಕ್ಕೆ ಹೋಗಿ ಏಳು, ಆರು ಅಂಕ ಬೀಳುತ್ತಿದ್ದವು. ಗುರಿಯ ನಡುವಿನ ಹತ್ತು ಅಂಕದ ವೃತ್ತ ಇರುವುದೇ 11.5 ಮಿಲಿಮೀಟರ್, ಒಂದು ಶರ್ಟ್ ಗುಂಡಿಯಷ್ಟು. ಅದನ್ನು ಹತ್ತು ಮೀಟರ್ ದೂರದಿಂದ, ಒಂದೇ ಕೈಯಲ್ಲಿ, ಒಂದು ಕೆಜಿ ಹತ್ತಿರದ ತೂಕ ಹಿಡಿದು ಹೊಡೆಯಬೇಕು. ಹಿಡಿ ಸರಿ ಇಲ್ಲದಿದ್ದರೆ ಮಗು ಏನು ಮಾಡಬೇಕು ಹೇಳಿ. ಕ್ಲಬ್ಬಿನ ಪಿಸ್ತೂಲಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದವಳು ಸ್ವಂತದ್ದು ಬಂದ ಮೇಲೆ ಕೆಟ್ಟಳು. ತನ್ನದೇ ತಪ್ಪು ಅಂದುಕೊಂಡು ರಾತ್ರಿ ಅಳುತ್ತಿದ್ದಳು. ಕೋಚ್ ಸರ್ ಬಂದು ಅವಳ ಕೈ ಹಿಡಿದು ನೋಡಿ, "ಇದು ಇವಳ ಹಿಡಿ ಅಲ್ಲಮ್ಮ" ಅಂದಾಗಲೇ ನಮಗೆ ಅರ್ಥವಾಗಿದ್ದು. ಸಣ್ಣ ಹಿಡಿ ತರಿಸಲು 18,000 ಆಯಿತು. ಬರಲು ಏಳು ವಾರ.

ಆಮೇಲೆ ಗಾಳಿ ಸೋರಿಕೆ. ಸಂಜೆ ತುಂಬಿಸಿದರೆ ಬೆಳಿಗ್ಗೆ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕೆ ಬಂದಿರುತ್ತಿತ್ತು. ಒಳಗಿನ ಸೀಲ್‌ಗಳು ಒಣಗಿದ್ದವು. ಅದಕ್ಕೆ ಇನ್ನೊಂದು 6,000.

ದೊಡ್ಡ ಪೆಟ್ಟು ಬಿದ್ದಿದ್ದು ಅವಳ ಮೊದಲ ಸ್ಪರ್ಧೆಯ ದಿನ. ಹೊಡೆಯುವ ಮೊದಲು ಸಾಮಾನು ಪರೀಕ್ಷೆ ಇರುತ್ತದೆ. ಪಿಸ್ತೂಲನ್ನು ನೆಟ್ಟಗೆ ನಿಲ್ಲಿಸಿ ಟ್ರಿಗರ್‌ಗೆ 500 ಗ್ರಾಂ ತೂಕ ತಗುಲಿಸಿ ಎತ್ತುತ್ತಾರೆ. ತೂಕ ಮೇಲೆ ಬರಬೇಕು, ಟ್ರಿಗರ್ ಬಿಡಬಾರದು. ನಮ್ಮದು ಮೂರು ಸಲವೂ ಬಿಟ್ಟುಕೊಂಡಿತು. ಹಿಂದಿನವರು ತೀರಾ ಹಗುರ ಮಾಡಿಟ್ಟಿದ್ದರು. ಕೋಚ್ ಸರ್ ಸ್ಕ್ರೂ ತಿರುಗಿಸಿ ಸರಿ ಮಾಡಿ ಮತ್ತೆ ಪರೀಕ್ಷೆಗೆ ಕೊಟ್ಟರು, ಪಾಸಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಮೇಜಿನ ಹಿಂದಿದ್ದ ಹಿರಿಯರು ಸಿಲಿಂಡರನ್ನು ಬಿಚ್ಚಿ ಕೈಯಲ್ಲಿ ತಿರುಗಿಸಿದರು. ಅದರ ಮೇಲೆ ತ್ರಿವರ್ಣ ಬಾವುಟದ ಸ್ಟಿಕ್ಕರ್ ಅಂಟಿಸಿತ್ತು. ಮಗಳಿಗೆ ಅದು ತುಂಬಾ ಇಷ್ಟ. ಅವರು ಉಗುರಿನಿಂದ ಅದರ ಅಂಚು ಎಬ್ಬಿಸಿದರು. ಕೆಳಗೆ ತಯಾರಾದ ವರ್ಷ ಕೆತ್ತಿತ್ತು. 2013.

ಈ ಸಿಲಿಂಡರುಗಳಿಗೆ ಕಂಪನಿಯವರು ಕೊಡುವ ಆಯಸ್ಸು ಹತ್ತು ವರ್ಷ. ಆಮೇಲೆ ಅದನ್ನು ಬಳಸುವಂತಿಲ್ಲ. ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳುವ ಹೊಣೆ ಶೂಟರ್‌ದೇ ಅಂತ ಅಂತರರಾಷ್ಟ್ರೀಯ ನಿಯಮವೂ ಹೇಳುತ್ತದೆ. ಇದು ಬರೀ ಕಾಗದದ ನಿಯಮ ಅಲ್ಲ. ತುಂಬಿದ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಅಂಥದ್ದನ್ನು ನನ್ನ ಮಗು ಐದು ತಿಂಗಳು ಮುಖದ ಮುಂದೆ ಹಿಡಿದು ನಿಂತಿತ್ತು. ನಾನು ಅದನ್ನು ಬಟ್ಟೆಯ ಬೀರುವಿನಲ್ಲಿ ಇಡುತ್ತಿದ್ದೆ.

ಬೇರೆ ಕಂಪನಿಯ ಸಿಲಿಂಡರ್ ನಮ್ಮದಕ್ಕೆ ಕೂರುವುದಿಲ್ಲ. ಅಲ್ಲಿ ಬಂದಿದ್ದ ಯಾರ ಹತ್ತಿರವೂ ನಮ್ಮ ಕಂಪನಿಯದು ಸಿಗಲಿಲ್ಲ. ಇನ್ನೊಬ್ಬ ಹುಡುಗಿ ತನ್ನ ಸರದಿ ಮುಗಿಸಿ ಪಿಸ್ತೂಲು ಕೊಡಲು ಮುಂದೆ ಬಂದಳು, ಅವಳಿಗೆ ಒಳ್ಳೆಯದಾಗಲಿ. ಆದರೆ ಅದು ಎಡಗೈಯವರ ಹಿಡಿ. ಮಗಳು ಬೆನ್ನಿಗೆ ನಂಬರ್ ಕಟ್ಟಿಕೊಂಡೇ ಗ್ಯಾಲರಿಯಲ್ಲಿ ಕೂತು ಉಳಿದವರು ಅರವತ್ತು ಗುಂಡು ಹೊಡೆದು ಮುಗಿಸುವುದನ್ನು ನೋಡಿದಳು. ವಾಪಸ್ ಬರುವಾಗ ಮದ್ದೂರು ದಾಟುವ ತನಕ ಒಂದು ಮಾತೂ ಆಡಲಿಲ್ಲ.

ಹೊಸ ಸಿಲಿಂಡರ್ 24,000. ಎಲ್ಲ ಸೇರಿ 1,58,000. ಅದಕ್ಕೆ ಇನ್ನಷ್ಟು ಸೇರಿಸಿದ್ದರೆ ಬಿಲ್ಲು, ಗ್ಯಾರಂಟಿ, ಸಣ್ಣ ಹಿಡಿಯ ಸಮೇತ ಹೊಸದೇ ಬರುತ್ತಿತ್ತು. ಇಲ್ಲವೇ ಒಂದು ವರ್ಷ ಕ್ಲಬ್ಬಿನದರಲ್ಲೇ ಹೊಡೆಸಿ, ಆ ದುಡ್ಡನ್ನು ಪೆಲೆಟ್‌ಗೆ ಹಾಕಬಹುದಿತ್ತು. ದಿನಕ್ಕೆ ಅರವತ್ತು ಹೊಡೆದರೆ 500ರ ಡಬ್ಬ ಎಂಟು ದಿನಕ್ಕೆ ಖಾಲಿ. ಈ ಖರ್ಚನ್ನು ಮೊದಲೇ ಯಾರೂ ಹೇಳುವುದಿಲ್ಲ, ಅಲ್ವಾ?

ಹಾಗಾಗಿ, ಹಳೆಯದು ನೋಡಲು ಹೋದರೆ ಸಿಲಿಂಡರನ್ನು ಬಿಚ್ಚಿಸಿ ಸುತ್ತಲೂ ನೋಡಿ. ಸ್ಟಿಕ್ಕರ್ ಇದ್ದರೆ ಕೀಳಿಸಿ. ಕೀಳಲು ಒಪ್ಪದಿದ್ದರೆ ಎದ್ದು ಬನ್ನಿ. ಎಂಟು ವರ್ಷ ಆಗಿದ್ದರೂ ಹೊಸ ಸಿಲಿಂಡರಿನ ಬೆಲೆಯನ್ನು ಅವರ ರೇಟಿನಲ್ಲಿ ಕಳೆಯಿರಿ. ಪೂರ್ತಿ ಗಾಳಿ ತುಂಬಿಸಿ ಮುಳ್ಳಿನ ಫೋಟೋ ತೆಗೆದು, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಮಗುವನ್ನು ಕರೆದುಕೊಂಡು ಹೋಗದೆ ಯಾವ ಕಾರಣಕ್ಕೂ ದುಡ್ಡು ಕೊಡಬೇಡಿ. ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಆರಾಮಾಗಿ ಟ್ರಿಗರ್ ಮೇಲೆ ಕೂರಬೇಕು. ಸಣ್ಣ ಮಕ್ಕಳಾದರೆ ಕೆಲವು ಕಂಪನಿಗಳು ಗಿಡ್ಡ ನಳಿಕೆಯ, ಹಗುರವಾದ ಪಿಸ್ತೂಲನ್ನೂ ಮಾಡುತ್ತವೆ, ಅದನ್ನು ಕೇಳಿ.

ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಟ್ರಿಗರ್ ಆಸೆಯನ್ನು ನಾನಂತೂ ಬಿಟ್ಟಿದ್ದೇನೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲೇ ಅರ್ಹತಾ ಸುತ್ತಿನ ಮಧ್ಯೆ ಕೈಕೊಟ್ಟು, ಸಮಯ ಹೋಗಿ, ಫೈನಲ್ ತಪ್ಪಿತು. ಅಲ್ಲಿ ಸುತ್ತಲೂ ತಿಳಿದವರಿದ್ದರು. ಮೈಸೂರಿನಲ್ಲಿ ಕೆಟ್ಟರೆ ನಾನು ಯಾರ ಹತ್ತಿರ ಓಡಲಿ? ಕಲಿಯುವ ಮಗುವಿಗೆ ಸಾದಾ ಟ್ರಿಗರ್ ಸಾಕು.

ಮಾರಿದವರಿಗೆ ಫೋನ್ ಮಾಡಿದಾಗ ಅವರು ಜಗಳವಾಡಲಿಲ್ಲ. "ಹಳೇ ಸಿಲಿಂಡರ್ ವಾಪಸ್ ಕೊಡಿ ಮೇಡಂ, 5,000 ಕೊಡ್ತೀನಿ" ಅಂದರು. ಅವಧಿ ಮುಗಿದಿದ್ದು ನಿಮಗೆ ಯಾಕೆ ಅಂತ ಕೇಳಿದೆ. ಸುಮ್ಮನಾದರು. ಅದು ಇನ್ಯಾವುದೋ ಮಗುವಿನ ಪಿಸ್ತೂಲಿಗೆ ಹೋಗುತ್ತದೆ ಅಂತ ಗೊತ್ತಾಯಿತು. ನಾನು ಕೊಡಲಿಲ್ಲ. ಕೋಚ್ ಸರ್ ಅದರ ಗಾಳಿಯನ್ನೆಲ್ಲ ಬಿಟ್ಟು, ವಾಲ್ವ್ ತೆಗೆದು, ನನ್ನ ಎದುರಿಗೇ ಗರಗಸದಿಂದ ಎರಡು ತುಂಡು ಮಾಡಿದರು.