ಹೆರೋಕು ಕಾನ್ಫಿಗ್ ಕಮಾಂಡ್: ಆರು ವರ್ಷ ಬಳಸಿದ ಮೇಲೆ

ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಕೀ ಇಂಥವನ್ನೆಲ್ಲ ಆರು ವರ್ಷದಿಂದ ಹೆರೋಕು ಎಂಬ ಆ್ಯಪ್ ಹೋಸ್ಟಿಂಗ್ ಸೇವೆಯ ಕಾನ್ಫಿಗ್ ವೇರಿಯಬಲ್‌ಗಳಲ್ಲಿ (ಕೋಡ್‌ನ ಹೊರಗೆ ಇಡುವ ಸೆಟ್ಟಿಂಗ್‌ಗಳಲ್ಲಿ) ಇಡುತ್ತಿದ್ದೇನೆ. ಡ್ಯಾಶ್‌ಬೋರ್ಡ್‌ನಲ್ಲೂ ಈ ಕೆಲಸ ಆಗುತ್ತದೆ, ಆದರೆ ನಾನು ಆ ಕಡೆ ಹೋಗುವುದೇ ಅಪರೂಪ.

ಟರ್ಮಿನಲ್‌ನಲ್ಲಿ ‘ಹೆರೋಕು ಕಾನ್ಫಿಗ್’ ಎಂದರೆ ಪಟ್ಟಿ ಬರುತ್ತದೆ. ಮುಂದೆ ಕೋಲನ್ ಹಾಕಿ ‘ಸೆಟ್’ ಎಂದರೆ ಸೇರುತ್ತದೆ, ‘ಅನ್‌ಸೆಟ್’ ಎಂದರೆ ಹೋಗುತ್ತದೆ. ಕಲಿಯಲು ಐದು ನಿಮಿಷ ಸಾಕು.

ಆದರೆ ಪ್ರತಿ ಸೆಟ್‌ಗೂ ಹೊಸ ರಿಲೀಸ್ (ಆ್ಯಪ್‌ನ ಹೊಸ ಆವೃತ್ತಿ) ಆಗಿ ಆ್ಯಪ್ ರೀಸ್ಟಾರ್ಟ್ ಆಗುತ್ತದೆ. ಮೊದಮೊದಲು ಐದು ವೇರಿಯಬಲ್‌ಗೆ ಐದು ಸಲ ಕಮಾಂಡ್ ಕೊಟ್ಟು ಸುಮ್ನೆ ಐದು ಸಲ ರೀಸ್ಟಾರ್ಟ್ ಮಾಡಿಸುತ್ತಿದ್ದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರೆ ಒಂದೇ ರೀಸ್ಟಾರ್ಟ್! ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದ್ದರೆ ಸಿಂಗಲ್ ಕೋಟ್ ಹಾಕಿ. ಇಲ್ಲದಿದ್ದರೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅದನ್ನು ತನ್ನದೇ ವೇರಿಯಬಲ್ ಎಂದುಕೊಂಡು ನುಂಗಿಬಿಡುತ್ತದೆ. ಇದಕ್ಕೇ ನನ್ನ ಅರ್ಧ ದಿನ ಹೋಗಿದೆ.

ಒಮ್ಮೆ ಸ್ಟೇಜಿಂಗ್‌ಗೆ (ಪರೀಕ್ಷೆಗೆಂದು ಇಟ್ಟ ಆ್ಯಪ್‌ಗೆ) ಹಾಕಬೇಕಿದ್ದ ಪೇಮೆಂಟ್ ಟೆಸ್ಟ್ ಕೀಯನ್ನು ಪ್ರೊಡಕ್ಷನ್‌ಗೆ (ಗ್ರಾಹಕರು ಬಳಸುವ ಆ್ಯಪ್‌ಗೆ) ಹಾಕಿಬಿಟ್ಟೆ. ತಪ್ಪು ನನ್ನದೇ. ಡೀಫಾಲ್ಟ್ ರಿಮೋಟ್, ಅಂದರೆ ಹೆಸರು ಹೇಳದಿದ್ದರೆ ಕಮಾಂಡ್ ಹೋಗುವ ಆ್ಯಪ್, ಯಾವುದೆಂದು ನೋಡಿರಲಿಲ್ಲ. ‘ಕಾರ್ಡ್ ತಗೊಳ್ತಾನೇ ಇಲ್ಲ’ ಎಂದು ಗ್ರಾಹಕರೊಬ್ಬರು ಫೋನ್ ಮಾಡಿದಾಗ ಎದೆ ಧಸಕ್ಕೆಂದಿತು. ಹಳೆಯ ಕೀ ಎಲ್ಲೂ ಬರೆದಿಟ್ಟಿರಲಿಲ್ಲ. ‘ಹೆರೋಕು ರಿಲೀಸಸ್’ ಕೊಟ್ಟೆ. ಯಾರು, ಯಾವಾಗ, ಯಾವ ವೇರಿಯಬಲ್ ಬದಲಿಸಿದರು ಎಂಬುದು ಅಲ್ಲಿತ್ತು, ಕೀ ಮಾತ್ರ ಇರಲಿಲ್ಲ. ಹಿಂದಿನ ರಿಲೀಸ್‌ಗೆ ರೋಲ್‌ಬ್ಯಾಕ್ ಮಾಡಿದೆ. ಕೋಡ್ ಜೊತೆ ಕಾನ್ಫಿಗ್ ಕೂಡ ಹಳೆಯದಕ್ಕೆ ಮರಳಿತು. ಈ ಒಂದು ಗುಣಕ್ಕೇ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಂದಿನಿಂದ ‘-ಎ’ ಹಾಕಿ ಆ್ಯಪ್ ಹೆಸರು ಬರೆಯದೆ ಎಂಟರ್ ಒತ್ತುವುದಿಲ್ಲ.

ಒಂದು ಅಂಕ ಕಳೆದದ್ದು ಪಟ್ಟಿಯ ವಿಷಯಕ್ಕೆ. ‘ಹೆರೋಕು ಕಾನ್ಫಿಗ್’ ಎಂದರೆ ಎಲ್ಲ ಗುಟ್ಟೂ ಪರದೆ ಮೇಲೆ ಬಟಾಬಯಲು. ಸ್ಕ್ರೀನ್ ಶೇರ್ ಮಾಡುವಾಗ ಹೀಗಾದರೆ ಕಷ್ಟ ಅಲ್ವಾ? ಒಂದೇ ಬೇಕಿದ್ದರೆ ‘ಗೆಟ್’ ಬಳಸಿ. ಸೆಟ್ ಮಾಡಿದ್ದು ಶೆಲ್ ಹಿಸ್ಟರಿಯಲ್ಲೂ ಉಳಿದಿರುತ್ತದೆ. ಒಂದು ಆ್ಯಪ್‌ಗೆ ಎಲ್ಲ ಸೇರಿ 64 ಕೆಬಿ ಮಿತಿಯೂ ಇದೆ, ನನಗೆ ಅದು ಎಂದೂ ಅಡ್ಡ ಬಂದಿಲ್ಲ.

2022ರ ನವೆಂಬರ್‌ನಲ್ಲಿ ಉಚಿತ ಪ್ಲಾನ್ ನಿಂತಾಗ ನನ್ನ ಚಿಕ್ಕಪುಟ್ಟ ಆ್ಯಪ್‌ಗಳನ್ನು ಬೇರೆಡೆಗೆ ಸಾಗಿಸಿದೆ. ಆಗಲೂ ‘ಹೆರೋಕು ಕಾನ್ಫಿಗ್ -ಎಸ್’ ನೆರವಿಗೆ ಬಂತು. ಅದು ಕೊಡುವ ಸಾಲುಗಳನ್ನು ಹಾಗೇ ಡಾಟ್ ಎನ್ವ್ (.env) ಎಂಬ ಸೆಟ್ಟಿಂಗ್ ಫೈಲ್‌ಗೆ ಹಾಕಿಕೊಳ್ಳಬಹುದು. ಹಾಕುವ ಮೊದಲು ಆ ಫೈಲ್ ಹೆಸರು ಗಿಟ್ ಇಗ್ನೋರ್‌ನಲ್ಲಿ (ಕೋಡ್ ಜೊತೆ ಗಿಟ್‌ಗೆ ಸೇರಬಾರದ ಫೈಲ್‌ಗಳ ಪಟ್ಟಿಯಲ್ಲಿ) ಇದೆಯಾ ನೋಡಿಕೊಳ್ಳಿ.